ಆಟದ ಮಣೆಗೂ ಒಂದು ಜೋಳಿಗೆ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದವನು ಛಂದಸ್ಸನ್ನೋ ವಚನ ಸಾಹಿತ್ಯವನ್ನೋ ಕುರಿತು ಬರೆದಾನೆಂದು ಅವರು ನಿರೀಕ್ಷಿಸಿದ್ದರೆ ಅದು ಸಹಜವೇ. ಆದರೆ ನಾನು ಈ ಸಲ ಆರಿಸಿಕೊಂಡಿರುವ ವಿಷಯ ಮಣೆಯಾಟ. ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿಯಾಟಗಳಂತಹ ಆಟಗಳನ್ನು ಹುಡುಕಿ ಉಳಿಸುವುದು, ಅವುಗಳ ಬಲದಿಂದ ಹೊಸ ಆಟಗಳನ್ನು ರಚಿಸುವುದು, ಆ ಕಾರ್ಯಕ್ಕೆ ಬೇಕಾದ ಹಣವನ್ನು ಹಲವರು ಕೂಡಿ ವಂತಿಗೆಯಾಗಿ ಒದಗಿಸುವುದು, ಈ ಮೂರೂ ನಮ್ಮಂತಹ ಒಂದು ಮಠದ ಶಾಲೆಗೆ ಒಪ್ಪುವ ಕೆಲಸಗಳೆಂಬುದು ನನ್ನ ಅಭಿಪ್ರಾಯ. ಇದು ಹುಡುಗಾಟಿಕೆಯ ಮಾತೆಂದು ಹಿರಿಯರು ಪುಟ ತಿರುವಿಬಿಡದೆ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇನೆ.

ಈ ಯೋಚನೆ ಹುಟ್ಟಿದ ಸಂದರ್ಭವನ್ನು ಮೊದಲು ನಿವೇದಿಸಬೇಕು. ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಶಿಷ್ಯನೊಬ್ಬನು ಭಾರವಾದ ಪೆಟ್ಟಿಗೆಯೊಂದನ್ನು ತಂದು ಉಪಾಧ್ಯಾಯರ ಕೊಠಡಿಯ ಮೇಜಿನ ಮೇಲಿಟ್ಟನು. ತೆರೆದು ನೋಡಿದರೆ ಒಳಗೆ ದಪ್ಪ ರಟ್ಟಿನ ಹಾಸು, ಮರದ ಕಾಯಿಗಳು, ಚಿತ್ರ ಬರೆದ ಎಲೆಗಳು ಮತ್ತು ನಿಯಮಗಳ ಒಂದು ಪುಸ್ತಕ. "ಇದು ಅಂಗಡಿಯಲ್ಲಿ ಕೊಂಡದ್ದಲ್ಲ ಮೇಷ್ಟ್ರೇ. ಇದನ್ನು ಮಾಡುವುದಕ್ಕೆ ಮೊದಲೇ ಸಾವಿರಾರು ಜನ ದುಡ್ಡು ಕಟ್ಟಿದ್ದೆವು. ಒಂದು ವರ್ಷ ಕಾದ ಮೇಲೆ ಮನೆಗೆ ಬಂತು" ಎಂದನು. ನಾಲ್ಕಾರು ಮಂದಿ ಉಪಾಧ್ಯಾಯರನ್ನು ಕೂರಿಸಿಕೊಂಡು ಆಡಿಯೂ ತೋರಿಸಿದನು. ಆಟ ಮುಗಿದು ಕಾಯಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ತಲೆಯೆತ್ತಿ, "ನಮ್ಮಜ್ಜಿಯ ಆಟವೇನು ಇದಕ್ಕಿಂತ ಕಡಿಮೆಯದಾಗಿತ್ತೇ ಮೇಷ್ಟ್ರೇ?" ಎಂದು ಕೇಳಿದನು. ನನಗೆ ಉತ್ತರ ತೋಚಲಿಲ್ಲ.

ತೋಚದಿರುವುದಕ್ಕೆ ಕಾರಣವುಂಟು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನಾನು ಈ ಶಾಲೆಗೆ ಹೊಸದಾಗಿ ಬಂದಿದ್ದ ಕಾಲ. ಆಷಾಢದ ಜಡಿಮಳೆ, ಮೈದಾನವೆಲ್ಲ ಕೆಸರು. ಈ ಶಿಷ್ಯನೂ ಅವನ ಗೆಳೆಯರೂ ಶಾಲೆಯ ಪಡಸಾಲೆಯ ಮೇಲೆ ಇದ್ದಿಲಿನಿಂದ ಮನೆ ಬರೆದು, ಒಂದು ಬದಿ ತೇಯ್ದ ಹುಣಸೆ ಬೀಜಗಳನ್ನು ಉರುಳಿಸಿ ಆಡುತ್ತಿದ್ದರು. ಪಾಠಶಾಲೆಯ ಕಟ್ಟುನಿಟ್ಟಿನಲ್ಲಿ ಬೆಳೆದುಬಂದ ನನಗೆ ಅದು ಜೂಜಿನಂತೆ ಕಂಡಿತು. ಗದರಿಸಿ, ಬಾವಿಯಿಂದ ನೀರು ತರಿಸಿ, ಅವರ ಕೈಯಿಂದಲೇ ನೆಲವನ್ನು ತೊಳೆಯಿಸಿದೆನು. "ಅಜ್ಜಿ ಹೇಳಿಕೊಟ್ಟಿದ್ದು ಮೇಷ್ಟ್ರೇ" ಎಂದು ಆ ಹುಡುಗ ಅಳುದನಿಯಲ್ಲಿ ಹೇಳಿದ್ದು ಈಗಲೂ ನೆನಪಿದೆ. ಆ ಚೌಕ ಸಾಮಾನ್ಯವಾದ ಐದು ಮನೆಯ ಚೌಕವಾಗಿರಲಿಲ್ಲ, ಏಳು ಮನೆಯದು. ಹೊರಸುತ್ತಿನಿಂದ ಒಳಮನೆಗೆ ನೇರವಾಗಿ ಹೋಗುವ ಓರೆಗೆರೆಯೊಂದು ಅದರಲ್ಲಿತ್ತು. ಹಾಗೆಂದರೇನೆಂದು ನಾನು ಕೇಳಲಿಲ್ಲ. ಈಗ ಕೇಳಿದರೆ ಆ ಶಿಷ್ಯನಿಗೆ ಅರ್ಧವೇ ನೆನಪು. "ಅಜ್ಜಿ ಅದನ್ನು ತವರು ದಾರಿ ಅನ್ನುತ್ತಿದ್ದಳು, ಯಾವ ಕಾಯಿ ಯಾವಾಗ ಆ ದಾರಿ ಹಿಡಿಯಬಹುದು ಅನ್ನುವುದು ಮರೆತುಹೋಗಿದೆ" ಎನ್ನುತ್ತಾನೆ. ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ಗೆರೆ ನೆನಪಿದೆ, ನಿಯಮ ಹೋಗಿದೆ. ಕವಿಯೊಬ್ಬನ ಕಾವ್ಯದ ಒಂದು ಗರಿ ಹುಳು ತಿಂದು ಹೋದರೆ ಪಂಡಿತರಾದ ನಾವು ಎಷ್ಟು ಹಲುಬುತ್ತೇವೆ! ಇಲ್ಲಿ ನಾನೇ ನೀರು ಹೊಯ್ಯಿಸಿ ಒಂದು ಗರಿಯನ್ನು ತೊಳೆಯಿಸಿದ್ದೆನು.

ಇನ್ನು ಆ ಪೆಟ್ಟಿಗೆಯ ಆಟ ಹುಟ್ಟಿದ ಬಗೆಯನ್ನು ನೋಡೋಣ. ದೊಡ್ಡ ಕಂಪನಿಗಳ ಹಂಗಿಲ್ಲದೆ ಸ್ವತಂತ್ರವಾಗಿ ಆಟವನ್ನು ರಚಿಸುವವರು ಪಶ್ಚಿಮ ದೇಶಗಳಲ್ಲಿ ಈಗ ಅಸಂಖ್ಯರು. ಅಂತಹವನು ಮೊದಲು ಆಟದ ಮಾದರಿಯನ್ನು ತಯಾರಿಸುತ್ತಾನೆ. ಅದರ ಸ್ವರೂಪವನ್ನೂ, ಅಚ್ಚು ಹಾಕಿಸಲು ಬೇಕಾದ ಮೊತ್ತವನ್ನೂ, ಗಡುವನ್ನೂ ಸಾರ್ವಜನಿಕರ ಮುಂದಿಡುತ್ತಾನೆ. ಆಟ ಬೇಕೆನ್ನುವವರು ಮುಂಗಡವಾಗಿ ಹಣ ಕೊಡಲು ಒಪ್ಪುತ್ತಾರೆ. ಗಡುವಿನೊಳಗೆ ಮೊತ್ತ ಕೂಡಿದರೆ ಆಟ ಅಚ್ಚಾಗುತ್ತದೆ. ಕೂಡದಿದ್ದರೆ ಯಾರ ಹಣವನ್ನೂ ತೆಗೆದುಕೊಳ್ಳುವುದಿಲ್ಲ. ಅಮೆರಿಕದಲ್ಲಿ ೨೦೦೯ರಲ್ಲಿ ಪ್ರಾರಂಭವಾದ ಕಿಕ್‌ಸ್ಟಾರ್ಟರ್ ಎಂಬ ಸಂಸ್ಥೆಯ ಕ್ರಮವಿದು. ೨೦೨೦ರಲ್ಲಿ 'ಫ್ರಾಸ್ಟ್‌ಹೇವನ್' ಎಂಬ ಒಂದೇ ಆಟಕ್ಕೆ ೮೩,೦೦೦ಕ್ಕೂ ಹೆಚ್ಚು ಮಂದಿ ಸೇರಿ ಸುಮಾರು ೧ ಕೋಟಿ ೩೦ ಲಕ್ಷ ಡಾಲರುಗಳನ್ನು ಹೀಗೆ ಕೂಡಿಸಿದರು. ನಮ್ಮ ದೇಶದಲ್ಲಿಯೂ ಈ ಮಾರ್ಗ ಅಪರಿಚಿತವೇನಲ್ಲ. ಮುಂಬಯಿಯ ಜೈನ್ ಮೆಮನ್ ಅವರು ರಾಜಕಾರಣವನ್ನೇ ವಸ್ತುವಾಗಿಸಿಕೊಂಡು ರಚಿಸಿದ 'ಶಾಸನ್' ಎಂಬ ಆಟ ೨೦೧೯ರಲ್ಲಿ ಇದೇ ರೀತಿ ಜನರ ಮುಂಗಡದಿಂದ ಬೆಳಕು ಕಂಡಿತು.

ಇದನ್ನು ಕೇಳಿ ನಮ್ಮವರು ಬೆರಗಾಗಬೇಕಾದ ಕಾರಣವಿಲ್ಲ. ಹಲವರ ಹನಿಯಿಂದ ಹಳ್ಳವನ್ನು ಮಾಡುವ ವಿದ್ಯೆ ಶರಣ ಪರಂಪರೆಗೆ ಹೊಸದಲ್ಲ. ಮಠದ ಜೋಳಿಗೆ ಎಂದರೆ ಮತ್ತೇನು? ಸ್ವಾಮಿಗಳವರು ಊರೂರು ಸಂಚರಿಸಿ, ಮನೆಮನೆಯ ಹಿಡಿ ಅಕ್ಕಿ, ಸೇರು ಜೋಳ, ಪಾವಲಿ, ಅರ್ಧ ರೂಪಾಯಿಗಳನ್ನು ಕೂಡಿಸಿ ಎಷ್ಟು ಪ್ರಸಾದ ನಿಲಯಗಳನ್ನೂ ಪಾಠಶಾಲೆಗಳನ್ನೂ ಕಟ್ಟಿದರೆಂಬುದು ಈ ಸಂಚಿಕೆಯ ವಾಚಕರಿಗೆ ವಿದಿತವೇ ಇದೆ. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಉಪಾಧ್ಯಾಯರು ಕೆ.ಎಲ್.ಇ. ಸಂಸ್ಥೆಗೆ ಅಡಿಗಲ್ಲನ್ನಿಟ್ಟಾಗ ಅವರ ಬಳಿಯಿದ್ದ ಬಂಡವಾಳ ಸಂಕಲ್ಪವೊಂದೇ. ಹಣ ಬಂದದ್ದು ದಾನಿಗಳಿಂದ. ಫ. ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಮಾಡಿಸುವ ಸಲುವಾಗಿ ತಮ್ಮ ಮನೆಯನ್ನೇ ಮಾರಿ ಮುದ್ರಣಾಲಯವನ್ನು ಸ್ಥಾಪಿಸಿದರು. ಆ ಭಾರವನ್ನು ಹೊರಲು ಹತ್ತು ಹೆಗಲು ಸಿಕ್ಕಿದ್ದರೆ ಆ ಮಹನೀಯರು ಅಷ್ಟು ಕಷ್ಟಕ್ಕೆ ಒಳಗಾಗಬೇಕಾಗಿರಲಿಲ್ಲ. ಪ್ರಕಟಣಪೂರ್ವ ಚಂದಾ ಸಂಗ್ರಹಿಸಿ ಗ್ರಂಥವನ್ನು ಹೊರತರುವ ಪದ್ಧತಿ ಕನ್ನಡದಲ್ಲಿ ಬಹು ಕಾಲದಿಂದ ಬಂದದ್ದು. ಇತ್ತೀಚಿನ ದೃಷ್ಟಾಂತ ಬೇಕಾದರೆ, ೨೦೧೩ರಲ್ಲಿ ತೆರೆಕಂಡ 'ಲೂಸಿಯಾ' ಎಂಬ ಕನ್ನಡ ಚಲನಚಿತ್ರಕ್ಕೆ ಸುಮಾರು ನೂರಹತ್ತು ಮಂದಿ ಕೂಡಿ ಅರ್ಧ ಕೋಟಿ ರೂಪಾಯಿಯಷ್ಟು ಬಂಡವಾಳ ಒದಗಿಸಿದರು. ಶಾಲೆ, ಗ್ರಂಥ, ಚಿತ್ರಗಳಿಗೆ ಆದದ್ದು ಆಟದ ಮಣೆಗೆ ಏಕಾಗಬಾರದು?

ಆದರೆ ಜೋಳಿಗೆಯನ್ನು ತೆರೆಯುವುದಕ್ಕೆ ಮುಂಚೆ ಅದರಲ್ಲಿ ಹಾಕುವ ವಸ್ತುವಿನ ಯೋಗ್ಯತೆಯನ್ನು ಅರಿಯಬೇಕಷ್ಟೆ. ಮಣೆಯಾಟವೆಂಬುದು ಕನ್ನಡ ನಾಡಿನಲ್ಲಿ ಕ್ಷುದ್ರವಾದ ಕಾಲಹರಣವಾಗಿರಲಿಲ್ಲ. ಪಂಪನ ಭಾರತದಲ್ಲಿ ಕರ್ಣನು ದುರ್ಯೋಧನನ ಸ್ನೇಹವನ್ನು ನೆನೆಯುವುದೇ ಭಾನುಮತಿಯೊಡನೆ ಆಡಿದ ನೆತ್ತದ ಪ್ರಸಂಗದ ಮೂಲಕ. ನೆತ್ತವೆಂದರೆ ಪಗಡೆ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ, ಬಸವಾದಿ ಪ್ರಮಥರ ಯುಗಕ್ಕೆ ಸ್ವಲ್ಪ ಹಿಂದೆ, ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಚದುರಂಗ, ಪಗಡೆ, ಕವಡೆಯಾಟಗಳನ್ನು ರಾಜನೀತಿ, ವೈದ್ಯ, ಪಾಕಶಾಸ್ತ್ರಗಳ ಸಾಲಿನಲ್ಲಿಯೇ ಇಟ್ಟು ವಿವರಿಸಿದ್ದಾನೆ. ಹಂಪೆಯ ಮಂಟಪಗಳ ಹಾಸುಗಲ್ಲುಗಳ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ದೊರೆಗಳೂ ಆಡಿದರು, ಅವರ ಗುಡಿಗೆ ಕಲ್ಲು ಹೊತ್ತವರೂ ಆಡಿದರು.

ಆಟದ ರಚನೆಯಲ್ಲಿ ಕನ್ನಡ ನಾಡಿನ ಅಗ್ರಗಣ್ಯರೆಂದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮). ೧೮೩೧ರಲ್ಲಿ ಆಂಗ್ಲರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅವರು ಸಾಹಿತ್ಯದೊಡನೆ ಆಟಗಳಲ್ಲಿಯೂ ಮನಸ್ಸನ್ನು ನಿಲ್ಲಿಸಿದರು. ಚದುರಂಗದ ಕುದುರೆ ಒಂದು ಮನೆಯನ್ನು ಎರಡು ಸಲ ಮೆಟ್ಟದೆ ಅರವತ್ತನಾಲ್ಕು ಮನೆಗಳನ್ನೂ ಸುತ್ತಿಬರುವ ಬಗೆಗಳನ್ನು ಕಂಡುಹಿಡಿದರು; ಗಂಜೀಫಾ ಎಲೆಗಳ ಮಾದರಿಯಲ್ಲಿ ನೂರಾರು ಎಲೆಗಳುಳ್ಳ ಹೊಸ ಆಟಗಳನ್ನು ನಿರ್ಮಿಸಿದರು; 'ಶ್ರೀತತ್ತ್ವನಿಧಿ'ಯ ಕೊನೆಯ ನಿಧಿಯಾದ ಕೌತುಕನಿಧಿಯನ್ನು ಆಟಗಳಿಗೆ ಮೀಸಲಿಟ್ಟರು. ಅವರಿಗೆ ಅರಮನೆಯ ಬೊಕ್ಕಸವಿತ್ತು, ಚಿತ್ರಗಾರರಿದ್ದರು. ಆದರೂ ಆ ಆಟಗಳಲ್ಲಿ ಬಹುಪಾಲು ಅರಮನೆಯ ಗೋಡೆಯನ್ನು ದಾಟಿ ಕೇರಿಗೆ ಬರಲಿಲ್ಲ. ಒಬ್ಬನ ಆಶ್ರಯದಲ್ಲಿ ಹುಟ್ಟಿದ್ದು ಆ ಒಬ್ಬನೊಡನೆ ನಿಂತುಹೋಗುವ ಸಂಭವ ಹೆಚ್ಚು. ಹಲವರ ವಂತಿಗೆಯಿಂದ ಹುಟ್ಟಿದ್ದು ಹುಟ್ಟುವಾಗಲೇ ಹಲವು ಮನೆಗಳಲ್ಲಿ ನೆಲೆಗೊಂಡಿರುತ್ತದೆ. ಮೈಸೂರಿನಲ್ಲಿಯೇ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಹೆಸರಿನಲ್ಲಿ ಪ್ರದರ್ಶನಗಳನ್ನು ಏರ್ಪಡಿಸಿ, ಹಳೆಯ ಮಣೆಯಾಟಗಳನ್ನು ಕುಶಲಕರ್ಮಿಗಳ ಕೈಯಿಂದ ಮತ್ತೆ ಮಾಡಿಸಿ ಜನರ ಮನೆಗೆ ತಲುಪಿಸುತ್ತ ಬಂದಿರುವುದನ್ನು ಇಲ್ಲಿ ಗೌರವದಿಂದ ಸ್ಮರಿಸಬೇಕು.

ನಾವು ಜೋಪಾನ ಮಾಡದಿದ್ದರೆ ಬೇರೆಯವರು ಕೊಂಡೊಯ್ಯುತ್ತಾರೆಂಬುದಕ್ಕೂ ಇತಿಹಾಸವೇ ಸಾಕ್ಷಿ. ನಮ್ಮ ಪಚ್ಚೀಸಿಯನ್ನು ಸರಳಗೊಳಿಸಿ ಆಂಗ್ಲರು ೧೮೯೬ರಲ್ಲಿ ಲೂಡೋ ಎಂಬ ಹೆಸರಿನಿಂದ ಹಕ್ಕು ಪಡೆದರು. ಪಾಪ-ಪುಣ್ಯಗಳ ಏರಿಳಿತವನ್ನು ಬೋಧಿಸುತ್ತಿದ್ದ ಪರಮಪದ ಸೋಪಾನದ ಪಟ ಅವರ ಕೈಯಲ್ಲಿ ಬರಿಯ ಹಾವು-ಏಣಿಯಾಯಿತು. ಇಂದು ನಮ್ಮ ಮಕ್ಕಳು ಅವೆರಡನ್ನೂ ಅಂಗಡಿಯಿಂದ ತಂದು ಆಡುತ್ತಾರೆ. ಅಜ್ಜಿ ಪಕ್ಕದಲ್ಲಿಯೇ ಕುಳಿತಿದ್ದರೂ ಕೇಳುವುದಿಲ್ಲ. ಈ ಅನ್ಯಾಯ ಪಶ್ಚಿಮದವರೊಳಗೂ ನಡೆದಿದೆ. ಭೂಮಿಯ ಒಡೆತನ ಕೆಲವರ ಕೈಸೇರಿದರೆ ಉಳಿದವರು ಹೇಗೆ ನಾಶವಾಗುತ್ತಾರೆಂಬುದನ್ನು ತೋರಿಸಲು ಅಮೆರಿಕದ ಲಿಜ್ಜಿ ಮಾಗಿ ಎಂಬ ಮಹಿಳೆ ಒಂದು ಆಟವನ್ನು ರಚಿಸಿ ೧೯೦೪ರಲ್ಲಿ ಹಕ್ಕು ಪಡೆದಿದ್ದಳು. ಅದರಿಂದ ಹುಟ್ಟಿದ 'ಮೊನೊಪಲಿ' ೧೯೩೫ರಲ್ಲಿ ಇನ್ನೊಬ್ಬನ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಕಂಪನಿಯವರು ಆಕೆಗೆ ಕೊಟ್ಟದ್ದು ೫೦೦ ಡಾಲರು ಮಾತ್ರ. ಕಾಯಕ ಒಬ್ಬರದು, ಕೀರ್ತಿ ಮತ್ತೊಬ್ಬರದು. ಕಾಯಕವನ್ನೇ ಕೈಲಾಸವೆಂದು ನಂಬಿದ ನಾವು ಈ ತಪ್ಪನ್ನು ಮಾಡಬಾರದು. ಆದಕಾರಣ ನಮ್ಮ ಶಾಲೆಯಿಂದ ಒಂದು ಆಟ ಹೊರಬಂದರೆ ಅದನ್ನು ಹೇಳಿಕೊಟ್ಟ ಅಜ್ಜಿಯ ಹೆಸರು, ಅವಳ ಊರು, ಕೇರಿ, ಅವಳು ಒಪ್ಪಿದರೆ, ಪೆಟ್ಟಿಗೆಯ ಮೇಲೆ ದಾನಿಗಳ ಹೆಸರಿಗಿಂತ ಮೇಲಿರಬೇಕು.

ಈ ಹಳೆಯ ಆಟಗಳಲ್ಲಿ ಕಲಿಯಬೇಕಾದ್ದು ಏನಿದೆ ಎನ್ನುವವರಿಗೆ ಮೂರು ನಿದರ್ಶನಗಳನ್ನು ಕೊಡುತ್ತೇನೆ. ಚೌಕಾಬಾರದಲ್ಲಿ ನಾಲ್ಕು ಕವಡೆಗಳನ್ನು ಎಸೆಯುತ್ತೇವೆ. ಅಂಗಾತ ಬಿದ್ದವು ಎಷ್ಟೋ ಅಷ್ಟು ಲೆಕ್ಕ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಒಂದೊಂದು ಕವಡೆಯೂ ಎರಡು ಮಗ್ಗುಲಿಗೆ ಸಮವಾಗಿ ಬೀಳುವುದೆಂದಿಟ್ಟುಕೊಂಡರೆ ಬೀಳಬಹುದಾದ ಬಗೆಗಳು ಒಟ್ಟು ಹದಿನಾರು. ಅವುಗಳಲ್ಲಿ ಎರಡು ಬೀಳುವ ಬಗೆ ಆರು. ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು. ಚೌಕಕ್ಕೆ ಒಂದು, ಬಾರಕ್ಕೆ ಒಂದು. ಬೋರಲು ಬಿದ್ದದ್ದಕ್ಕೆ ಸೊನ್ನೆ ಎಂದಿದ್ದರೆ ಸರಾಸರಿ ನಡೆ ಎರಡೇ ಮನೆ. ಎಂಟು ಎಂದದ್ದರಿಂದ ಅದು ಎರಡೂವರೆಯಾಯಿತು. ಎಲ್ಲವೂ ಮಗುಚಿ ಬಿದ್ದವನಿಗೇ ಅತಿ ಹೆಚ್ಚಿನ ಫಲವನ್ನು ಕೊಟ್ಟು ಆಟದ ಗತಿಯನ್ನು ಹೆಚ್ಚಿಸಿದ ಆ ಅಜ್ಞಾತ ರಚನಕಾರನ ಚಾತುರ್ಯಕ್ಕೆ ನಮ್ಮ ಗಣಿತದ ಉಪಾಧ್ಯಾಯರೇ ತಲೆದೂಗಿದರು. ಮೇಲಾಗಿ, ಎದುರಾಳಿಯ ಒಂದು ಕಾಯನ್ನಾದರೂ ಕಡಿಯದವನು ಒಳಸುತ್ತಿಗೆ ಹೋಗುವಂತಿಲ್ಲವೆಂಬ ಕಟ್ಟಳೆಯಿಂದ ಹೇಡಿಯ ಆಟಕ್ಕೆ ಜಯವಿಲ್ಲದಂತಾಯಿತು.

ಹುಲಿ-ಕುರಿಯಾಟದಲ್ಲಿ ಒಂದು ಪಕ್ಷಕ್ಕೆ ಮೂರು ಹುಲಿ, ಇನ್ನೊಂದಕ್ಕೆ ಹದಿನೈದು ಕುರಿ. ಆಡುವ ಸಂಧಿಗಳು ಇಪ್ಪತ್ತಮೂರು. ಹುಲಿ ಹಾರಿ ತಿನ್ನಬಲ್ಲದು, ಕುರಿಗೆ ಆ ಶಕ್ತಿಯಿಲ್ಲ. ಆದರೆ ಕುರಿಗಳು ಒಂದಕ್ಕೊಂದು ಒತ್ತಾಸೆಯಾಗಿ ನಿಂತರೆ ಹುಲಿ ಅಲುಗಾಡಲಾರದೆ ಸೋಲುತ್ತದೆ. ಎರಡು ಪಕ್ಷಗಳ ಬಲವೂ ಗುರಿಯೂ ಬೇರೆಬೇರೆಯಾಗಿದ್ದು ಗೆಲುವಿನ ಅವಕಾಶ ಮಾತ್ರ ಇಬ್ಬರಿಗೂ ಇರಬೇಕೆಂಬುದನ್ನು ಈಗಿನ ರಚನಕಾರರು ಬಹು ಕಷ್ಟದ ಸಾಧನೆಯೆಂದು ಎಣಿಸುತ್ತಾರೆ. ತ್ಯಾವರೆಕೊಪ್ಪದ ಹುಲಿ-ಸಿಂಹಧಾಮವನ್ನು ದಾಟಿ ಆಯನೂರಿಗೆ ಬರುವ ನಮ್ಮ ದನಗಾಹಿಗಳು ಅದನ್ನು ಬಂಡೆಯ ಮೇಲೆ ಸುಣ್ಣದ ಕಲ್ಲಿನಿಂದ ಬರೆದುಕೊಂಡು ಆಡುತ್ತಿದ್ದರು. ಇನ್ನು ಅಳಗುಳಿಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಒಂದು ಸುತ್ತಿನಲ್ಲಿ ಕಾಳು ಕಳೆದುಕೊಂಡವನು ಆಟದಿಂದ ಹೊರಬೀಳುವುದಿಲ್ಲ. ಉಳಿದ ಕಾಳುಗಳಿಂದ ತುಂಬುವಷ್ಟು ಗುಳಿಗಳನ್ನು ತುಂಬಿಕೊಂಡು, ಮಿಕ್ಕವನ್ನು ಬರಿದೆ ಬಿಟ್ಟು ಮುಂದಿನ ಸುತ್ತನ್ನು ಆಡುತ್ತಾನೆ. ಬಡವನಾದವನಿಗೂ ಎರಡು ಗುಳಿಯ ಸಂಸಾರವನ್ನು ಬಿಟ್ಟುಕೊಟ್ಟು, ಮತ್ತೆ ತಲೆಯೆತ್ತುವ ದಾರಿಯನ್ನು ತೆರೆದಿಟ್ಟ ಈ ಕಟ್ಟಳೆಯಲ್ಲಿ ಎಂತಹ ಲೋಕಜ್ಞಾನವಿದೆಯೆಂಬುದನ್ನು ಸಹೃದಯರು ಯೋಚಿಸಬೇಕು.

ಇನ್ನು ಕರ್ತವ್ಯದ ಮಾತು. ಮೊದಲನೆಯದು ಶೋಧನೆ. ಎಂಟನೆಯ ತರಗತಿಯ ಒಬ್ಬೊಬ್ಬ ವಿದ್ಯಾರ್ಥಿಯೂ ಬೇಸಗೆಯ ರಜೆಯಲ್ಲಿ ತನ್ನ ಮನೆಯ ಅಥವಾ ಕೇರಿಯ ಹಿರಿಯರೊಬ್ಬರಿಂದ ಒಂದು ಆಟವನ್ನು ಕಲಿತು ಬರೆದುಕೊಂಡು ಬರಲಿ. ಚಿತ್ರ ಬರೆದುತಂದರೆ ಸಾಲದು. ಎಷ್ಟು ಮಂದಿ ಆಡುವುದು, ಕಾಯಿ ಯಾವ ದಿಕ್ಕಿಗೆ ನಡೆಯುವುದು, ಯಾವ ಮನೆಯಲ್ಲಿ ಕಡಿಯಬಾರದು, ಸಮಸಮವಾದರೆ ಏನು, ಜಗಳ ಬಂದರೆ ಯಾರ ಮಾತು ನಡೆಯುವುದು, ಯಾವ ತಿಂಗಳಲ್ಲಿ ಆಡುವುದು, ಆಡುವಾಗ ಹೇಳುವ ಮಾತುಗಳೇನು, ಇವೆಲ್ಲವೂ ಬರಬೇಕು. ಬರೆದಾದ ಮೇಲೆ, ಆ ಆಟವನ್ನು ಅರಿಯದ ಇಬ್ಬರು ಹುಡುಗರು ಬರಹವೊಂದನ್ನೇ ನೋಡಿಕೊಂಡು ಆಡಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಯಮವೊಂದು ಬಿಟ್ಟುಹೋಗಿದೆಯೆಂದು ತಿಳಿಯಬೇಕು. ಆಗ ಮತ್ತೆ ಅಜ್ಜಿಯ ಬಳಿಗೆ ಹೋಗಬೇಕು. ಸ್ಪಷ್ಟವಾದ ಗದ್ಯವನ್ನು ಬರೆಯುವುದಕ್ಕೆ ಇದಕ್ಕಿಂತ ಮೇಲಾದ ಅಭ್ಯಾಸವನ್ನು ನನ್ನ ಬೋಧನೆಯ ಕಾಲದಲ್ಲೆಲ್ಲ ನಾನು ಕಂಡಿಲ್ಲ.

ಎರಡನೆಯದು ರಚನೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಾವು-ಏಣಿಯ ಪಟದ ಮೇಲೆ ಬಸವಣ್ಣನವರ ಚಿತ್ರವನ್ನೋ ಅನುಭವ ಮಂಟಪದ ಚಿತ್ರವನ್ನೋ ಅಂಟಿಸಿದರೆ ಅದು ಶರಣ ತತ್ತ್ವದ ಆಟವಾಗುವುದಿಲ್ಲ. ಆಟದ ತತ್ತ್ವ ಇರುವುದು ಅದರ ನಿಯಮದಲ್ಲಿ. ಗಳಿಸಿದ್ದನ್ನೆಲ್ಲ ಕೂಡಿಟ್ಟವನು ಗೆಲ್ಲುವ ಆಟಗಳು ಲೋಕದಲ್ಲಿ ಬೇಕಾದಷ್ಟಿವೆ. ಗಳಿಸಿದ್ದರಲ್ಲಿ ಒಂದು ಪಾಲನ್ನು ನಡುವಣ ಗುಳಿಗೆ ದಾಸೋಹವಾಗಿ ಹಾಕದವನ ಕಾಯಿ ಮುಂದೆ ನಡೆಯದು, ಆ ಗುಳಿ ಬರಿದಾದರೆ ಎಲ್ಲರೂ ಸೋತಂತೆ ಎಂಬ ನಿಯಮವುಳ್ಳ ಆಟವೊಂದನ್ನು ನಮ್ಮ ಮಕ್ಕಳು ರಚಿಸಿದರೆ ದಾಸೋಹವೆಂದರೇನೆಂಬುದು ಉಪನ್ಯಾಸವಿಲ್ಲದೆಯೇ ಮನವರಿಕೆಯಾಗುತ್ತದೆ. ಮೊದಲು ಹಳೆಯ ಪಂಚಾಂಗದ ರಟ್ಟಿನ ಮೇಲೆ ಬರೆದು, ಹುಣಸೆ ಬೀಜದಲ್ಲಿ ಆಡಿ, ಇಪ್ಪತ್ತು ಮೂವತ್ತು ಸಲ ತಿದ್ದಿ, ಅನಂತರವೇ ಅಚ್ಚಿನ ಮಾತನ್ನೆತ್ತಬೇಕು. ಅಲಂಕಾರಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಸಾಗರ, ಸೊರಬಗಳ ಗುಡಿಗಾರರ ಕೆತ್ತನೆಯೂ, ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವೂ ನಮ್ಮ ಜಿಲ್ಲೆಯಲ್ಲಿಯೇ ಇವೆ. ಅವರಿಗೆ ನ್ಯಾಯವಾದ ಕೂಲಿ ಸಲ್ಲಬೇಕು. ಮಠದ ಕೆಲಸವೆಂದು ಹೇಳಿ ಬಿಟ್ಟಿ ಮಾಡಿಸಿಕೊಳ್ಳಬಾರದು.

ಮೂರನೆಯದು ಹಣ. ಇದೇ ಎಲ್ಲಕ್ಕಿಂತ ನಾಜೂಕಾದ ವಿಷಯ. ಜನರ ಮುಂಗಡವನ್ನು ಪಡೆದು ಮಾತಿಗೆ ತಪ್ಪಿದವರೂ ಉಂಟು. ೨೦೧೨ರಲ್ಲಿ ಅಮೆರಿಕದ ಪ್ರಕಾಶಕನೊಬ್ಬನು ಒಂದು ಆಟವನ್ನು ಹೊರತರುವುದಾಗಿ ೧,೨೨,೦೦೦ ಡಾಲರಿಗೂ ಮಿಕ್ಕಿ ಹಣ ಕೂಡಿಸಿ, ಮರುವರ್ಷ ಆಟವನ್ನು ಕೈಬಿಟ್ಟನು. ಹಣದಲ್ಲಿ ಹೆಚ್ಚು ಪಾಲು ಸ್ವಂತ ಖರ್ಚಿಗೆ ಹೋಗಿತ್ತೆಂಬ ಆಪಾದನೆಯ ಮೇಲೆ ೨೦೧೫ರಲ್ಲಿ ಅಲ್ಲಿನ ಕೇಂದ್ರ ವ್ಯಾಪಾರ ಆಯೋಗ ಅವನ ಮೇಲೆ ಕ್ರಮ ಕೈಗೊಂಡಿತು. ಅಲ್ಲಿ ಕೆಟ್ಟದ್ದು ಒಬ್ಬ ವ್ಯಾಪಾರಿಯ ಹೆಸರು. ಇಲ್ಲಿ ಹಾಗಾದರೆ ಮಠದ ಜೋಳಿಗೆಯ ಮೇಲಿನ ತಲೆಮಾರುಗಳ ನಂಬಿಕೆಯೇ ಕೆಡುತ್ತದೆ. ಆದ್ದರಿಂದ ನನ್ನ ಸೂಚನೆಗಳು ಇಷ್ಟು: ಆಡಿ ನೋಡಬಹುದಾದ ಮಾದರಿ ಸಿದ್ಧವಾಗುವ ಮುನ್ನ ಒಂದು ರೂಪಾಯಿಯನ್ನೂ ಕೇಳಕೂಡದು. ಮುನ್ನೂರು ಪ್ರತಿಗೆ ತಗಲುವ ವೆಚ್ಚವನ್ನು ಬಿಡಿಬಿಡಿಯಾಗಿ ಬರೆದು ಶಾಲೆಯ ಫಲಕದ ಮೇಲೆ ಹಾಕಬೇಕು. ಗಡುವಿನೊಳಗೆ ಮೊತ್ತ ಕೂಡದಿದ್ದರೆ ಪ್ರತಿಯೊಬ್ಬರ ಹಣವನ್ನೂ ಹಿಂದಿರುಗಿಸಬೇಕು. ನೂರು ರೂಪಾಯಿ ಕೊಟ್ಟವರಿಗೂ ಹತ್ತು ಸಾವಿರ ಕೊಟ್ಟವರಿಗೂ ಒಂದೇ ಅಕ್ಷರದಲ್ಲಿ ಹೆಸರು ಅಚ್ಚಾಗಬೇಕು. ಲೆಕ್ಕಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾನು ಬಲ್ಲೆ. ಪಗಡೆಯಿಂದ ಪಾಂಡವರು ಕೆಟ್ಟರೆಂದು ಹೇಳುವವರಿದ್ದಾರೆ. ಪಾಂಡವರನ್ನು ಕೆಡಿಸಿದ್ದು ಪಣವೇ ಹೊರತು ಪಗಡೆಯಲ್ಲ. ಅರವತ್ತುಮೂವರು ಪುರಾತನರಲ್ಲಿ ಮೂರ್ಖ ನಾಯನಾರರು ನೆತ್ತವಾಡಿ ಗೆದ್ದುದನ್ನೆಲ್ಲ ಶಿವಭಕ್ತರ ಅನ್ನಕ್ಕೆ ಸವೆಸಿದರೆಂಬ ಕಥೆಯುಂಟು. ಅದನ್ನು ಜೂಜಿನ ಸಮರ್ಥನೆಗಾಗಿ ನಾನು ಹೇಳುತ್ತಿಲ್ಲ. ನಮ್ಮ ಶಾಲೆಯ ಮಣೆಯ ಮೇಲೆ ಒಂದು ಪೈಸೆಯ ಪಣವೂ ಇರಕೂಡದು. ದಾಳವನ್ನು ಮುಟ್ಟಿದ ಮಾತ್ರಕ್ಕೆ ಹಿರಿಯರು ಒಬ್ಬನನ್ನು ದೂರವಿಡಲಿಲ್ಲ, ಅವನ ಗಳಿಕೆ ಎಲ್ಲಿಗೆ ಹೋಯಿತೆಂಬುದನ್ನು ನೋಡಿದರು ಎನ್ನುವಷ್ಟೇ ನನ್ನ ತಾತ್ಪರ್ಯ. ಕೊಠಡಿಗಳ ಮಾಡು ಸೋರುತ್ತಿರುವಾಗ ಆಟಕ್ಕೆ ಹಣವೇ ಎಂಬುದು ಇನ್ನೊಂದು ಆಕ್ಷೇಪಣೆ. ಇದು ನ್ಯಾಯವಾದದ್ದು. ಕಟ್ಟಡದ ನಿಧಿಯಿಂದ ಒಂದು ಕಾಸನ್ನೂ ನಾನು ಬೇಡುವುದಿಲ್ಲ. ಆಟ ಬೇಕಾದವನು ಆಟಕ್ಕೇ ಕೊಡುವ ಮುಂಗಡವಿದು. ಅವನಿಗೆ ಪ್ರತಿಯಾಗಿ ಮಣೆ ದೊರೆಯುತ್ತದೆ. ಆದರೂ ದಾನಿಗಳಲ್ಲಿ ಒಂದು ಮಾತನ್ನು ವಿನಯದಿಂದ ಅರಿಕೆ ಮಾಡಬೇಕು. ಸೋರುವ ಮಾಡನ್ನು ಮುಂದಿನ ವರ್ಷವೂ ಹೊದಿಸಬಹುದು. ಎಂಬತ್ತು ದಾಟಿದ ಅಜ್ಜಿಯನ್ನು ಮುಂದಿನ ವರ್ಷ ಕೇಳೋಣವೆಂದರೆ ಅವಳು ಇರುತ್ತಾಳೆಂಬ ಭರವಸೆಯೇನು?

ಮಕ್ಕಳ ಕಣ್ಣೆಲ್ಲ ಮೊಬೈಲಿನ ಮೇಲಿರುವಾಗ ಇದನ್ನು ಯಾರು ಆಡುತ್ತಾರೆಂದು ನಮ್ಮ ಉಪಾಧ್ಯಾಯ ಮಿತ್ರರೊಬ್ಬರು ಕೇಳಿದರು. ನಾನು ಅವರನ್ನು ಆ ಸಮಾವೇಶದ ದಿನಕ್ಕೆ ಕರೆದೊಯ್ಯುತ್ತೇನೆ. ಬೆಂಗಳೂರಿನಲ್ಲಿ ದಿನವಿಡೀ ಗಣಕಯಂತ್ರದ ಮುಂದೆ ದುಡಿಯುವ ಶಿಷ್ಯನೇ ನಾಲ್ಕು ಮಂದಿ ಎದುರುಬದುರಾಗಿ ಕುಳಿತು ಆಡುವ ಸುಖಕ್ಕಾಗಿ ಒಂದು ವರ್ಷ ಮುಂಚಿತವಾಗಿ ಹಣ ತೆತ್ತು ಕಾದಿದ್ದನು. ಹಸಿವು ಇದೆ, ಬಡಿಸುವವರು ಬೇರೆಯವರಾಗಿದ್ದಾರೆ, ಅಷ್ಟೆ.

ಕೊನೆಯದಾ​ಗಿ ಒಂದು ಪ್ರಾರ್ಥನೆ. ನಮ್ಮ ಮೊದಲ ಆಟ ಆ ಏಳು ಮನೆಯ ಚೌಕವೇ ಆಗಬೇಕೆಂಬುದು ನನ್ನ ಆಸೆ. ಶಿಷ್ಯನ ನೆನಪಿನಿಂದ ಅದರ ಮನೆಗಳನ್ನೂ ಗೆರೆಗಳನ್ನೂ ಒಂದು ಹಾಳೆಯ ಮೇಲೆ ಬರೆದು ಉಪಾಧ್ಯಾಯರ ಕೊಠಡಿಯಲ್ಲಿ ಇರಿಸಿದ್ದೇನೆ. ತವರು ದಾರಿಯ ನಿಯಮವಿರಬೇಕಾದ ಸ್ಥಳವನ್ನು ಖಾಲಿ ಬಿಟ್ಟಿದ್ದೇನೆ. ಊಹೆಯಿಂದ ತುಂಬುವ ಅಧಿಕಾರ ನನಗಿಲ್ಲ. ಆಯನೂರು, ಕುಂಸಿ, ಚೋರಡಿಗಳ ಸುತ್ತಿನ ಯಾವುದಾದರೊಂದು ಹಳ್ಳಿಯಲ್ಲಿ, ಇದನ್ನು ಓದುವ ಯಾರದಾದರೊಬ್ಬರ ಮನೆಯಲ್ಲಿ, ಆ ದಾರಿಯನ್ನು ಬಲ್ಲ ಹಿರಿಯ ಜೀವವೊಂದು ಇನ್ನೂ ಇದ್ದೀತು. ದಯವಿಟ್ಟು ಇಂದೇ ಕೇಳಿ ಶಾಲೆಗೆ ತಿಳಿಸಬೇಕು. ಸಿಕ್ಕಿದರೆ ಆ ಮಣೆಯ ಜೋಳಿಗೆಗೆ ಮೊದಲ ವಂತಿಗೆ ನನ್ನದು. ಅದು ದಾನವಲ್ಲ, ಅಂದು ನಾನು ತೊಳೆಯಿಸಿದ ನೆಲದ ಋಣ.

ಶರಣು ಶರಣಾರ್ಥಿ.